ಹಿಪ್ಪುನೇರಳೆ ಇರುವಲ್ಲಿ: ಚೆರೋಕಿ ನುಡಿಯ ಸ್ಥಳಸೂಚಕ ಪ್ರತ್ಯಯಗಳು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಅಮೆರಿಕದ ಟೆನೆಸಿ ಮತ್ತು ಉತ್ತರ ಕ್ಯಾರೊಲಿನಾ ರಾಜ್ಯಗಳ ಗಡಿಯಲ್ಲಿ ಗ್ರೇಟ್ ಸ್ಮೋಕಿ ಎಂಬ ಬೆಟ್ಟಸಾಲಿದೆ. ಅದರ ಅತಿ ಎತ್ತರದ ಶಿಖರ ಸುಮಾರು 2,025 ಮೀಟರ್ ಎತ್ತರವಿದ್ದು, ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅದನ್ನು ನಕ್ಷೆಗಳಲ್ಲಿ 'ಕ್ಲಿಂಗ್‌ಮನ್ಸ್ ಡೋಮ್' ಎಂದು ಗುರುತಿಸಲಾಗುತ್ತಿತ್ತು. ಥಾಮಸ್ ಲೇನಿಯರ್ ಕ್ಲಿಂಗ್‌ಮನ್ ಎಂಬ ರಾಜಕಾರಣಿಯ ಹೆಸರು ಅದು. ಅಮೆರಿಕದ ಅಂತರ್ಯುದ್ಧದಲ್ಲಿ ಆತ ದೇಶದಿಂದ ಬೇರೆಯಾಗಿ ಹೋರಾಡಿದ ದಕ್ಷಿಣದ ರಾಜ್ಯಗಳ ಒಕ್ಕೂಟದ ಸೇನಾಧಿಕಾರಿಯಾಗಿದ್ದ. ಆ ಬೆಟ್ಟನಾಡಿನ ಮೂಲನಿವಾಸಿಗಳಾದ ಚೆರೋಕಿ ಜನರ ಪೂರ್ವ ದಿಕ್ಕಿನ ಪಂಗಡ ಬೇಡಿಕೆ ಮುಂದಿಟ್ಟ ಮೇಲೆ, 2024ರ ಸೆಪ್ಟೆಂಬರ್ 18ರಂದು ಅಮೆರಿಕದ ಭೌಗೋಳಿಕ ಹೆಸರುಗಳ ಮಂಡಳಿಯು ಆ ಶಿಖರಕ್ಕೆ ಅದರ ಹಳೆಯ ಹೆಸರನ್ನೇ ಮರಳಿ ಕೊಟ್ಟಿತು. ಆ ಹೆಸರು 'ಕುವೋಹಿ'. ಪತ್ರಿಕೆಗಳು ಇದನ್ನು 'ಹಿಪ್ಪುನೇರಳೆಯ ಜಾಗ' ಎಂದು ಬಿಡಿಸಿ ಹೇಳಿ ಮುಂದೆ ಹೋದವು. ವ್ಯಾಕರಣದಲ್ಲಿ ಆಸಕ್ತಿ ಇರುವವರು ಅಲ್ಲಿಯೇ ನಿಲ್ಲಬೇಕು. ಚೆರೋಕಿಯಲ್ಲಿ 'ಕುವ' ಎಂದರೆ ಹಿಪ್ಪುನೇರಳೆ. ಹಾಗಾದರೆ 'ಜಾಗ' ಎಂಬ ಅರ್ಥ ಎಲ್ಲಿಂದ ಬಂತು, 'ಕುವ' ಎಂಬುದು 'ಕುವೋ' ಆದದ್ದು ಏಕೆ, ಕೊನೆಯಲ್ಲಿರುವ 'ಹಿ' ಏನು? ಇಂದಿನ ಮಾತು ಈ ಪ್ರಶ್ನೆಗಳನ್ನು ಹಿಡಿದು ಸಾಗುತ್ತದೆ.

ಮೊದಲು ನುಡಿಯ ಬಗ್ಗೆ ಅಗತ್ಯವಿದ್ದಷ್ಟು ಹೇಳುತ್ತೇನೆ. ಚೆರೋಕಿ, ಅಂದರೆ ಆ ಜನರ ಬಾಯಲ್ಲಿ 'ತ್ಸಲಗಿ', ಇರೊಕ್ವಾಯನ್ ಭಾಷಾ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದ ಉಳಿದ ನುಡಿಗಳು ದೂರದ ಉತ್ತರದಲ್ಲಿವೆ. ದಕ್ಷಿಣದ ಕವಲಿನಲ್ಲಿ ಉಳಿದಿರುವುದು ಇದೊಂದೇ. 1838–39ರಲ್ಲಿ ಅಮೆರಿಕ ಸರ್ಕಾರ ಸೇನೆಯನ್ನು ಬಳಸಿ ಸುಮಾರು 16,000 ಚೆರೋಕಿ ಜನರನ್ನು ಅವರ ಬೆಟ್ಟನಾಡಿನಿಂದ ಪಶ್ಚಿಮಕ್ಕೆ, ಇಂದಿನ ಓಕ್ಲಹೋಮಾ ರಾಜ್ಯವಿರುವ ಪ್ರದೇಶಕ್ಕೆ ಅಟ್ಟಿತು. ಈ ಬಲವಂತದ ವಲಸೆಯಲ್ಲಿ ಸತ್ತವರು ಸುಮಾರು 4,000 ಎಂಬ ಅಂದಾಜಿದೆ. ಬೆಟ್ಟಗಳಲ್ಲೇ ಹೇಗೋ ಉಳಿದುಕೊಂಡವರ ಸಂತತಿ ಇಂದು ಉತ್ತರ ಕ್ಯಾರೊಲಿನಾದ ಕ್ವಾಲಾ ಎಂಬ ಪ್ರದೇಶದಲ್ಲಿದೆ. ಹೀಗೆ ನುಡಿಯೂ ಎರಡು ನೆಲೆಗಳಲ್ಲಿ ಬೆಳೆಯಿತು. ಎರಡೂ ಕಡೆ ಸೇರಿಸಿದರೂ ಅದನ್ನು ತಾಯ್ನುಡಿಯಾಗಿ ಆಡುವವರು 2019ರ ಅಂದಾಜಿನಂತೆ ಸುಮಾರು 2,100 ಮಂದಿ ಮಾತ್ರ.

ಈಗ ಕ್ವಾಲಾ ಮತ್ತು ಅದರ ಆಸುಪಾಸಿನ ಊರುಗಳ ಹೆಸರುಗಳನ್ನು ನೋಡೋಣ. 'ವಯ' ಎಂದರೆ ತೋಳ. ಒಂದು ಊರಿನ ಹೆಸರು 'ವಯೋಹಿ'. 'ತ್ಸಿಸ್ಕ್ವ' ಎಂದರೆ ಹಕ್ಕಿ. ಇನ್ನೊಂದು ಊರು 'ತ್ಸಿಸ್ಕ್ವೋಹಿ'. ರೇವನ್ ಎಂಬ ದೊಡ್ಡ ಕಾಗೆಗೆ 'ಕೋಲನಂ' ಎನ್ನುತ್ತಾರೆ. ಮೂರನೆಯ ಊರು 'ಕೋಲನಂಯಿ'. ಇಲ್ಲಿ ನಾನು 'ಅಂ' ಎಂದು ಬರೆಯುತ್ತಿರುವುದು ಮೂಗಿನ ಮೂಲಕ ನುಡಿಯುವ ಒಂದು ಸ್ವರವನ್ನು; ಚೆರೋಕಿಯ ಆರು ಸ್ವರಗಳಲ್ಲಿ ಅದೂ ಒಂದು, ಕೊನೆಯಲ್ಲಿ 'ಮ್' ಎಂದು ತುಟಿ ಮುಚ್ಚುವಂತಿಲ್ಲ. ಚಳಿಗಾಲದಲ್ಲಿ ಕಾಣಿಸಿಕೊಳ್ಳುವ ಜುಂಕೊ ಎಂಬ ಪುಟ್ಟ ಹಕ್ಕಿ 'ತೂತಿ'. ನಾಲ್ಕನೆಯ ಊರು 'ತೂತಿಯಿ'. ಈ ನಾಲ್ಕರ ಜೊತೆಗೆ ಹಳೆಯ ಹೆಸರುಗಳನ್ನೂ ಸೇರಿಸಿಕೊಳ್ಳಬಹುದು: ನೀರುನಾಯಿ 'ತ್ಸಿಯ', ಅದರ ಜಾಗ 'ತ್ಸಿಯೋಹಿ', ಮೊಲ 'ತ್ಸಿಸ್ತು', ಅದರ ಜಾಗ 'ತ್ಸಿಸ್ತುಯಿ', ಜಿಗಣೆ 'ತ್ಲನೂಸಿ', ಅದರ ಜಾಗ 'ತ್ಲನೂಸಿಯಿ'.

ಹೀಗೆ ಸಾಲಾಗಿ ಇಟ್ಟಾಗ ಒಂದು ಕ್ರಮ ತಾನಾಗಿಯೇ ಎದ್ದು ಕಾಣುತ್ತದೆ. ಮೂಲಪದ 'ಅ'ಕಾರದಲ್ಲಿ ಮುಗಿದರೆ ಆ 'ಅ' ಹೋಗಿ 'ಓ' ಬಂದು ಮುಂದೆ 'ಹಿ' ಸೇರುತ್ತದೆ: ಕುವ–ಕುವೋಹಿ, ವಯ–ವಯೋಹಿ, ತ್ಸಿಯ–ತ್ಸಿಯೋಹಿ. ಬೇರೆ ಸ್ವರದಲ್ಲಿ ಮುಗಿದರೆ ಸ್ವರ ಹಾಗೆಯೇ ಉಳಿದು 'ಯಿ' ಸೇರುತ್ತದೆ: ತೂತಿಯಿ, ತ್ಸಿಸ್ತುಯಿ, ಕೋಲನಂಯಿ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದರಲ್ಲಿ ಆದೇಶವಿದೆ, ಅಂದರೆ ಒಂದು ಸ್ವರದ ಜಾಗಕ್ಕೆ ಇನ್ನೊಂದು ಬಂದಿದೆ; ಎರಡನೆಯದರಲ್ಲಿ ಪ್ರಕೃತಿಗೆ, ಅಂದರೆ ಮೂಲಪದಕ್ಕೆ, ಯಾವ ಬದಲಾವಣೆಯೂ ಇಲ್ಲ. ಆದರೆ ಇದನ್ನು ಅಪವಾದವಿಲ್ಲದ ಸೂತ್ರವೆಂದು ಬರೆದುಕೊಳ್ಳಬಾರದು. ನೀರಿಗೆ 'ಅಮ' ಎನ್ನುತ್ತಾರೆ. ಅದಕ್ಕೆ 'ಅಮೋಹಿ' ಎಂಬ ರೂಪವೂ ಇದೆ, 'ಅಮಾಯಿ' ಎಂಬ ರೂಪವೂ ಇದೆ. 'ತ್ಸಲಗಿ' ಎಂಬುದು 'ಇ'ಕಾರದಲ್ಲಿ ಮುಗಿದರೂ ಓಕ್ಲಹೋಮಾದ ಚೆರೋಕಿ ರಾಷ್ಟ್ರದ ಅಧಿಕೃತ ಹೆಸರು 'ತ್ಸಲಗಿಹಿ ಅಯೇಲಿ' ಎಂದಿದೆ. 'ಅಯೇಲಿ' ಎಂದರೆ ನಡು, ಕೇಂದ್ರ. ಊರ ಹೆಸರುಗಳ ಮಟ್ಟಿಗೆ ಮಾತ್ರ ಈ ಕ್ರಮ ಬಹಳ ಚೆನ್ನಾಗಿ ನಿಲ್ಲುತ್ತದೆ.

ಲಿಪಿಯ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು, ಏಕೆಂದರೆ ಕನ್ನಡದ ಓದುಗರಿಗೆ ಅದು ವಿಶೇಷವಾಗಿ ಅರ್ಥವಾಗುತ್ತದೆ. ಸಿಕ್ವೊಯಾ ಎಂಬ ಚೆರೋಕಿ ಕಸುಬುದಾರ ಯಾವ ಭಾಷೆಯನ್ನೂ ಓದಲು ಬರೆಯಲು ಕಲಿಯದೆಯೇ 1821ರ ಹೊತ್ತಿಗೆ ತನ್ನ ನುಡಿಗೆ ಒಂದು ಲಿಪಿಯನ್ನು ಪೂರ್ತಿಗೊಳಿಸಿದ. 1828ರ ಫೆಬ್ರವರಿ 21ರಂದು ಆ ಲಿಪಿಯಲ್ಲಿ ಪತ್ರಿಕೆಯೂ ಹೊರಬಂತು. ಇಂದು ಬಳಕೆಯಲ್ಲಿರುವ 85 ಅಕ್ಷರಗಳಲ್ಲಿ ಹೆಚ್ಚಿನವು ವ್ಯಂಜನ ಮತ್ತು ಸ್ವರ ಕೂಡಿದ ಒಂದೊಂದು ಪೂರ್ಣ ಉಚ್ಚಾರವನ್ನು ಸೂಚಿಸುತ್ತವೆ. ಇಷ್ಟರ ಮಟ್ಟಿಗೆ ಅದು ನಮ್ಮ ಕಾಗುಣಿತಕ್ಕೆ ಹತ್ತಿರವೆನಿಸುತ್ತದೆ. ಆದರೆ ಅಲ್ಲಿ ಕಾಗುಣಿತವಿಲ್ಲ. ನಾವು 'ವ'ಕ್ಕೆ ಓತ್ವ ಹಚ್ಚಿ 'ವೋ' ಮಾಡುತ್ತೇವೆ, ಮೂಲ ಅಕ್ಷರ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಚೆರೋಕಿಯಲ್ಲಿ 'ವ' ಮತ್ತು 'ವೋ' ಒಂದಕ್ಕೊಂದು ಹೋಲಿಕೆಯೇ ಇಲ್ಲದ ಎರಡು ಅಕ್ಷರಗಳು. ಆದ್ದರಿಂದ 'ಕುವ' ಮತ್ತು 'ಕುವೋಹಿ' ಎಂಬೆರಡನ್ನು ಬರಹದಲ್ಲಿ ನೋಡಿದವರಿಗೆ ಮೊದಲ ಅಕ್ಷರ ಮಾತ್ರ ಸಮಾನವಾಗಿ ಕಾಣುತ್ತದೆ. ಸಂಬಂಧ ಕಿವಿಗೆ ಸ್ಪಷ್ಟ, ಕಣ್ಣಿಗೆ ಮರೆ. ಇನ್ನೊಂದು ಕಡೆಯಿಂದ ನೋಡಿದರೆ 'ಯಿ' ಮತ್ತು 'ಹಿ' ಎಂಬ ಪ್ರತ್ಯಯಗಳಿಗೆ ತಲಾ ಒಂದೊಂದು ಅಕ್ಷರ ಇರುವುದರಿಂದ ಪ್ರತ್ಯಯವನ್ನು ಬರಹದಲ್ಲಿ ಗುರುತಿಸುವುದು ಸುಲಭ. ಪ್ರಕೃತಿ ಮುಸುಕಾಗಿ, ಪ್ರತ್ಯಯ ಮಾತ್ರ ಎದ್ದು ಕಾಣುವ ಇಂಥ ಸ್ಥಿತಿಯನ್ನು ಹೊಸದಾಗಿ ಕಲಿಯುವವರಿಗೆ ಮೊದಲೇ ತಿಳಿಸಿಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಈಗ ಮುಖ್ಯ ಪ್ರಶ್ನೆಗೆ ಬರೋಣ. 'ಯಿ' ಮತ್ತು 'ಹಿ' ನಮ್ಮ ಸಪ್ತಮಿ ವಿಭಕ್ತಿಯಂಥವೇ? ಕನ್ನಡಿಗರಿಗೆ ಮೊದಲು ಹೊಳೆಯುವ ಉತ್ತರ ಹೌದೆಂದೇ. 'ನೀರು' ಎಂಬುದಕ್ಕೆ 'ಅಲ್ಲಿ' ಸೇರಿಸಿ 'ನೀರಿನಲ್ಲಿ' ಎನ್ನುವಂತೆ 'ಅಮ' ಎಂಬುದಕ್ಕೆ 'ಯಿ' ಸೇರಿಸಿ 'ಅಮಾಯಿ' ಎನ್ನುತ್ತಾರೆ ಎಂದು ವಿವರಿಸಿ ಮುಗಿಸಬಹುದು. ಆದರೆ ವಿಭಕ್ತಿ ಎಂಬುದು ಒಂದು ವ್ಯವಸ್ಥೆ. ನೀರನ್ನು, ನೀರಿನಿಂದ, ನೀರಿಗೆ, ನೀರಿನ, ನೀರಿನಲ್ಲಿ ಎಂಬ ಸಾಲಿನಲ್ಲಿ ಒಂದು ಸ್ಥಾನ ಹಿಡಿದಿರುವುದರಿಂದಲೇ 'ಅಲ್ಲಿ' ಎಂಬುದನ್ನು ನಾವು ಸಪ್ತಮಿ ಎನ್ನುತ್ತೇವೆ. ಚೆರೋಕಿಯಲ್ಲಿ ಆ ಸಾಲೇ ಇಲ್ಲ. ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದನ್ನು ನಾಮಪದ ಹೇಳುವುದಿಲ್ಲ. ಕ್ರಿಯಾಪದದ ಮುಂಭಾಗದಲ್ಲಿ ಸೇರುವ ಪುರುಷವಾಚಕ ಪ್ರತ್ಯಯಗಳು ಹೇಳುತ್ತವೆ. ಕರ್ತೃವಿಗೂ ಕರ್ಮಕ್ಕೂ ಪ್ರತ್ಯಯ ತೊಡದ ನಾಮಪದ ಸ್ಥಳಕ್ಕೆ ಮಾತ್ರ ಒಂದನ್ನು ತೊಡುತ್ತದೆ.

ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. 'ನೀರಿನಲ್ಲಿ' ಮತ್ತು 'ನೀರಿಗೆ' ನಮಗೆ ಬೇರೆ ಬೇರೆ. ಒಂದರಲ್ಲಿ ಇರುವಿಕೆ, ಇನ್ನೊಂದರಲ್ಲಿ ಸೇರುವಿಕೆ. 'ಅಮಾಯಿ' ಎಂಬ ಒಂದೇ ರೂಪ ಚೆರೋಕಿಯಲ್ಲಿ ಎರಡಕ್ಕೂ ಸಲ್ಲುತ್ತದೆ. ಜೇಮ್ಸ್ ಮೂನಿ ಎಂಬ ಜನಾಂಗ ಅಧ್ಯಯನಕಾರ 1880ರ ದಶಕದ ಕೊನೆಯಲ್ಲಿ ಕ್ವಾಲಾಕ್ಕೆ ಬಂದಾಗ, ಅಯೂನಿನಿ ಎಂಬ ಹಿರಿಯ ವೈದ್ಯರ ಬಳಿ ಸಿಕ್ವೊಯಾನ ಲಿಪಿಯಲ್ಲಿ ಕೈಯಾರೆ ಬರೆದಿಟ್ಟ ಮಂತ್ರಗಳ ಪುಸ್ತಕವಿತ್ತು. ಮೂನಿ ಅಲ್ಲಿ ಸಂಗ್ರಹಿಸಿದ ಮಂತ್ರಗಳಲ್ಲಿ ಒಂದರ ತಲೆಬರಹದಲ್ಲಿ 'ಅಮಾಯಿ ಅತವಸ್ತಿಯಿ' ಎಂಬ ಮಾತು ಬರುತ್ತದೆ. ಬೆಳಗಿನ ಹೊತ್ತು ಹರಿಯುವ ನೀರಿಗಿಳಿದು ಮೀಯುವುದು ಚೆರೋಕಿ ಜನರ ಬಹು ಮುಖ್ಯವಾದ ಆಚರಣೆ. ಆ ಮಂತ್ರ ಅದಕ್ಕೆ ಸಂಬಂಧಿಸಿದ್ದು. ಇಲ್ಲಿ 'ಅಮಾಯಿ' ಎಂದರೆ ನೀರಿಗೆ, ನೀರಿನೊಳಕ್ಕೆ. ಅದೇ ಪದವನ್ನು ಹೊಳೆಯ ಬಳಿ ನಿಂತಿರುವವನ ಬಗ್ಗೆ ಬಳಸಿದರೆ ನೀರಿನ ಬಳಿ ಎಂದಾಗುತ್ತದೆ. ಅಷ್ಟೇ ಏಕೆ, ಹಳ್ಳ, ಹೊಳೆ ಎಂಬ ಅರ್ಥದ ನಾಮಪದವಾಗಿಯೂ ಅದು ನಿಲ್ಲುತ್ತದೆ.

ಹೀಗಾಗಿ ನನ್ನ ವಾದ ಇಷ್ಟು: ಈ ಪ್ರತ್ಯಯವನ್ನು ವಿಭಕ್ತಿ ಎನ್ನುವುದಕ್ಕಿಂತ ತದ್ಧಿತ ಎನ್ನುವುದು ಅದರ ಸ್ವಭಾವಕ್ಕೆ ಹೆಚ್ಚು ಹೊಂದುತ್ತದೆ. ವಿಭಕ್ತಿ ಪ್ರತ್ಯಯವು ಒಂದು ವಸ್ತುವಿಗೂ ವಾಕ್ಯದ ಕ್ರಿಯೆಗೂ ಇರುವ ಸಂಬಂಧವನ್ನು ಹೇಳುತ್ತದೆ. ತದ್ಧಿತವು ಒಂದು ನಾಮಪದದಿಂದ ಇನ್ನೊಂದು ನಾಮಪದವನ್ನೇ ಹುಟ್ಟಿಸುತ್ತದೆ; ಬಳೆಯಿಂದ ಬಳೆಗಾರ, ಹಣದಿಂದ ಹಣವಂತ ಹುಟ್ಟಿದಂತೆ. 'ಯಿ' ಮತ್ತು 'ಹಿ' ಮಾಡುವುದು ಈ ಎರಡನೆಯ ಕೆಲಸವನ್ನು. ಅವು ಪ್ರಾಣಿ, ಗಿಡ, ನೀರುಗಳ ಹೆಸರಿನಿಂದ ನೆಲೆಯ ಹೆಸರನ್ನು ಹುಟ್ಟಿಸುತ್ತವೆ. ಹೀಗೆ ಹುಟ್ಟಿದ ನೆಲೆಯ ಹೆಸರು ವಾಕ್ಯದಲ್ಲಿ ಬಂದಾಗ ಬೇರೆ ಪ್ರತ್ಯಯದ ಹಂಗಿಲ್ಲದೆ 'ಅಲ್ಲಿ' ಎಂಬ ಅರ್ಥವನ್ನೂ ಕೊಡುತ್ತದೆ, 'ಅಲ್ಲಿಗೆ' ಎಂಬ ಅರ್ಥವನ್ನೂ ಕೊಡುತ್ತದೆ.

ಹಾಗಾದರೆ ಹೋಗುವ, ಬರುವ ದಿಕ್ಕನ್ನು ಹೇಳುವವರು ಯಾರು? ಆ ಹೊರೆಯನ್ನು ಬಹುಮಟ್ಟಿಗೆ ಕ್ರಿಯಾಪದ ಹೊರುತ್ತದೆ. 'ಏಗ' ಎಂದರೆ ಅವನು ಅಥವಾ ಅವಳು ಹೋಗುತ್ತಿದ್ದಾರೆ. ಅದರ ಮುಂದೆ 'ವ್' ಸೇರಿ 'ವೇಗ' ಎಂದಾದರೆ ಆ ಹೋಗುವಿಕೆ ಮಾತಾಡುವವರಿಂದ ಆಚೆಗೆ, ಅತ್ತ ಕಡೆಗೆ ಎಂದು ಖಚಿತವಾಗುತ್ತದೆ. (ನಮ್ಮ 'ವೇಗ'ಕ್ಕೂ ಇದಕ್ಕೂ ಉಚ್ಚಾರದ ಹೋಲಿಕೆಯ ಹೊರತು ಯಾವ ನಂಟೂ ಇಲ್ಲ.) ಎದುರು ದಿಕ್ಕಿಗೆ, ಅಂದರೆ ಇತ್ತ ಕಡೆಗೆ, 'ದಿ' ಅಥವಾ 'ದ' ಎಂಬ ಇನ್ನೊಂದು ಪೂರ್ವಪ್ರತ್ಯಯವಿದೆ. ಕನ್ನಡದಲ್ಲಿ ನಾಮಪದದ ಹಿಂದೆ ಬಂದು ಕೂರುವ ಅರ್ಥ ಅಲ್ಲಿ ಕ್ರಿಯಾಪದದ ಮುಂದೆ ಹೋಗಿ ಕೂತಿದೆ. ಒಳಗೆ, ಮೇಲೆ, ಹತ್ತಿರ ಮುಂತಾದ ಸೂಕ್ಷ್ಮ ಸಂಬಂಧಗಳಿಗೆ ಬಿಡಿ ಪದಗಳಿವೆ. ಅವು ನಮ್ಮಲ್ಲಿಯಂತೆಯೇ ನಾಮಪದದ ನಂತರ ಬರುತ್ತವೆ. 'ಗಲಿತ್ಸೋದೆ' ಮನೆ, 'ಹವಿನಿ' ಒಳಗೆ. 'ಗಲಿತ್ಸೋದೆ ಹವಿನಿ' ಎಂದರೆ ಮನೆಯ ಒಳಗೆ. ಇದು ಕನ್ನಡಿಗರಿಗೆ ಸುಲಭ, ಹೆಚ್ಚು ವಿವರಣೆ ಬೇಡ.

ಇಷ್ಟು ಹೊತ್ತು ನೋಡಿದ್ದು ವಸ್ತುವಿನ ಹೆಸರಿಗೆ ಹತ್ತುವ ಪ್ರತ್ಯಯವನ್ನು. ನನಗೆ ಇದಕ್ಕಿಂತ ಚೆಲುವಾಗಿ ಕಾಣುವುದು ಇನ್ನೊಂದು ಬಗೆ: ಪದದ ಕೊನೆಯಲ್ಲಿ ಬಂದು ನೆಲೆಯನ್ನು ಸೂಚಿಸುವ 'ಅಂ' ಎಂಬ ಸ್ವರ. ನಿಧಾನವಾಗಿ, ಪೂರ್ತಿಯಾಗಿ ನುಡಿದಾಗ ಅದರ ನಂತರ ಒಂದು ಗಂಟಲ ತಡೆ ಮತ್ತು 'ಇ' ಕೇಳಿಸುತ್ತವೆ. ಸಾಮಾನ್ಯ ಮಾತಿನಲ್ಲಿ ಆ ಬಾಲ ಉದುರಿ 'ಅಂ' ಮಾತ್ರ ಉಳಿಯುತ್ತದೆ. 'ಉಯಂತ್ಲ' ಎಂದರೆ ತಣ್ಣಗಿರುವುದು. 'ತ್ಸುಯಂತ್ಲಂ' ಎಂದರೆ ಬಡಗು. 'ಉಗನಾವ' ಎಂದರೆ ಬೆಚ್ಚಗಿರುವುದು. 'ತ್ಸುಗನಾವಂ' ಎಂದರೆ ತೆಂಕು. ಕೊನೆಯ 'ಅ' ಹೋಗಿ 'ಅಂ' ಬಂದಿದೆ, ಪದದ ಮೊದಲಿಗೆ ಇನ್ನೊಂದು ಪ್ರತ್ಯಯ ಸೇರಿ 'ಉ' ಎಂಬುದು 'ತ್ಸು' ಆಗಿದೆ. ತಣ್ಣಗಿರುವ ಕಡೆ ಉತ್ತರವಾಗಿದೆ, ಬೆಚ್ಚಗಿರುವ ಕಡೆ ದಕ್ಷಿಣವಾಗಿದೆ. ಮೂಡಲಿಗೆ 'ದಿಕಲಂಗಂ' ಎನ್ನುತ್ತಾರೆ, ಪಡುವಲಿಗೆ 'ವುದೇಲಿಗಂ'. ಇವೆರಡೂ ಹುಟ್ಟಿರುವುದು ಕ್ರಿಯಾಪದಗಳಿಂದ. ಮೊದಲನೆಯದು ಸೂರ್ಯ ಹೊರಬರುವ ಕಡೆ, ಎರಡನೆಯದು ಕಣ್ಮರೆಯಾಗುವ ಕಡೆ. ಈ ಎರಡು ಪದಗಳ ಮೊದಲ ಅಕ್ಷರಗಳನ್ನು ಗಮನಿಸಿ. ಸೂರ್ಯ ನಮ್ಮತ್ತ ಬರುವ ದಿಕ್ಕಿಗೆ 'ದಿ', ನಮ್ಮಿಂದ ಆಚೆ ಸರಿಯುವ ದಿಕ್ಕಿಗೆ 'ವ್'. ಹೋಗು-ಬರು ಎಂಬುದನ್ನು ಹೇಳುತ್ತಿದ್ದ ಪೂರ್ವಪ್ರತ್ಯಯಗಳೇ ಇಲ್ಲಿ ಪೂರ್ವ ಪಶ್ಚಿಮಗಳ ಹೆಸರಿನೊಳಗೆ ನಿಂತಿವೆ. ಕನ್ನಡದಲ್ಲಿಯೂ ಮೂಡು ಎಂಬ ಧಾತುವಿನಿಂದ ಮೂಡಣ, ಪಡು ಎಂಬ ಧಾತುವಿನಿಂದ ಪಡುವಣ ಹುಟ್ಟಿವೆ. ಎರಡು ನುಡಿಗಳಿಗೆ ಯಾವ ರಕ್ತಸಂಬಂಧವೂ ಇಲ್ಲ. ಹೊತ್ತು ಹುಟ್ಟುವುದನ್ನೂ ಮುಳುಗುವುದನ್ನೂ ದಿನವೂ ನೋಡಿದ ಎರಡು ಸಮುದಾಯಗಳು ಒಂದೇ ದಾರಿ ಹಿಡಿದಿವೆ. ಆದರೆ ಬರುವುದು–ಹೋಗುವುದು ಎಂಬ ಭೇದವನ್ನು ಪದದ ಒಳಗೇ ಇಟ್ಟುಕೊಂಡಿರುವುದು ಚೆರೋಕಿಯ ವಿಶೇಷ.

ಪಶ್ಚಿಮಕ್ಕೆ ಮಂತ್ರಗಳ ಭಾಷೆಯಲ್ಲಿ ಇನ್ನೊಂದು ಹೆಸರಿದೆ: 'ಉಸಂಹಿಯಿ', ಅಂದರೆ ಕತ್ತಲು ಕವಿಯುತ್ತಲೇ ಇರುವ ನಾಡು. ಅದು ಸತ್ತವರ ದಿಕ್ಕು, ಅದರ ಬಣ್ಣ ಕಪ್ಪು. ದಿನಬಳಕೆಯ ಹೆಸರಿನಲ್ಲಿ 'ಅಂ' ಇದೆ, ಮಂತ್ರದ ಹೆಸರಿನಲ್ಲಿ 'ಯಿ' ಇದೆ. ಮೊದಲನೆಯದು ಒಂದು ಕ್ರಿಯೆ ನಡೆಯುವ ಕಡೆಯನ್ನು ತೋರಿಸುತ್ತದೆ, ಎರಡನೆಯದು ಒಂದು ನಾಡಿಗೆ ಹೆಸರಿಡುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ಕ್ರಿಯಾಪದಕ್ಕೂ 'ಯಿ' ಹತ್ತುತ್ತದೆ. ಸ್ಮೋಕಿ ಬೆಟ್ಟಗಳಲ್ಲಿ ಹಿಂದೆ ಇದ್ದ ಒಂದು ನೀರಿನ ಹೊಂಡಕ್ಕೆ ಮೂನಿ ದಾಖಲಿಸಿದ ಹೆಸರು 'ಯೋನ ಉನತವಸ್ತಿಯಿ'. 'ಯೋನ' ಕರಡಿ. ಎರಡನೆಯ ಪದದ ಮೊದಲಿಗೆ 'ಅವು' ಎಂಬ ಬಹುವಚನದ ಪ್ರತ್ಯಯ, ನಡುವೆ ಮೀಯುವ ಧಾತು, ಆಮೇಲೆ ಕ್ರಿಯೆಯನ್ನು ನಾಮವಾಗಿಸುವ 'ಸ್ತಿ', ಕೊನೆಗೆ 'ಯಿ'. ಕನ್ನಡದಲ್ಲಿ ಸರಿಯಾಗಿ ಹೇಳಬೇಕೆಂದರೆ 'ಕರಡಿಗಳು ಮೀಯುವಲ್ಲಿ'. ಮೂನಿ ಸಂಗ್ರಹಿಸಿದ ಮಂತ್ರದ ತಲೆಬರಹದಲ್ಲಿ ಕಂಡ 'ಅತವಸ್ತಿಯಿ' ಎಂಬುದರಲ್ಲಿ ಇರುವುದೂ ಇದೇ ಧಾತು. ಮನುಷ್ಯರು ನೀರಿಗಿಳಿಯುವ ಆಚರಣೆಗೂ ಕರಡಿಗಳ ಮೀಯುವಿಕೆಗೂ ಒಂದೇ ಮಾತು ಸಲ್ಲುತ್ತದೆ ಎಂಬುದು, ಕರಡಿಗಳು ಹಿಂದೊಮ್ಮೆ ಮನುಷ್ಯರಾಗಿದ್ದವು ಎಂದು ಕಥೆ ಹೇಳುವ ಜನರ ನುಡಿಯಲ್ಲಿ ಅಚ್ಚರಿಯ ಸಂಗತಿಯೇನಲ್ಲ.

ಒಂದು ಹೆಸರಿನ ಹಿಂದಿನ ಕಥೆಯನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಉತ್ತರ ಕ್ಯಾರೊಲಿನಾದ ಮರ್ಫಿ ಎಂಬ ಪಟ್ಟಣದ ಬಳಿ ವ್ಯಾಲಿ ನದಿ ಹಯವಾಸಿ ನದಿಯನ್ನು ಸೇರುತ್ತದೆ. ಆ ಕೂಡಲಿಯೇ ತ್ಲನೂಸಿಯಿ, ಜಿಗಣೆಯ ಜಾಗ. ಅಲ್ಲಿ ನೀರ ನಡುವೆ ಒಂದು ಬಂಡೆಯ ಸಾಲು, ಅದರ ಕೆಳಗೆ ಆಳವಾದ ಮಡು. ಒಮ್ಮೆ ಕೆಲವರು ನದಿಯ ದಂಡೆಯಲ್ಲಿ ಬರುತ್ತಿದ್ದಾಗ ಬಂಡೆಯ ಮೇಲೆ ಮನೆಯಷ್ಟು ದೊಡ್ಡದಾದ ಕೆಂಪು ವಸ್ತುವೊಂದು ಬಿದ್ದಿರುವುದನ್ನು ಕಂಡರಂತೆ. ನೋಡನೋಡುತ್ತ ಅದು ಮೈ ಬಿಚ್ಚಿಕೊಂಡಾಗ ಕೆಂಪು ಬಿಳಿ ಪಟ್ಟೆಗಳ ಮಹಾ ಜಿಗಣೆಯೆಂದು ತಿಳಿಯಿತಂತೆ. ಅದು ಮಡುವಿಗೆ ಇಳಿದೊಡನೆ ನೀರು ಕುದಿದು ಉಕ್ಕಿತು. ಅಲ್ಲಿಗೆ ಹೋದವರು ಮರಳುತ್ತಿರಲಿಲ್ಲ ಎಂದು ಕಥೆ ಸಾಗುತ್ತದೆ. ಜಿಗಣೆ ಎಂಬ ಪದಕ್ಕೆ ಒಂದೇ ಒಂದು ಅಕ್ಷರ ಸೇರಿಸಿ ಈ ಇಡೀ ಕಥೆಯನ್ನು ನದಿಯ ಆ ತಿರುವಿಗೆ ಕಟ್ಟಿಹಾಕಲಾಗಿದೆ.

ಇಂಗ್ಲಿಷ್ ನಕ್ಷೆಗಳನ್ನು ಬರೆದವರಿಗೆ ಈ ಕೊನೆಯ ಅಕ್ಷರದ ಮಹತ್ವ ತಿಳಿದಿರಲಿಲ್ಲ. ತ್ಸಿಯೋಹಿ ಎಂಬುದು ನಕ್ಷೆಯಲ್ಲಿ 'ಚಿಯೋವ' ಆಯಿತು. ನೀರುನಾಯಿ ಅರ್ಧಂಬರ್ಧ ಉಳಿಯಿತು, ಜಾಗ ಹೋಯಿತು. ಜೇನಿನಂತೆ ಸಿಹಿಯಾದ ಕಾಯಿ ಬಿಡುವ ಒಂದು ಮುಳ್ಳಿನ ಮರಕ್ಕೆ 'ಕುಲ್ಸೇತ್ಸಿ' ಎನ್ನುತ್ತಾರೆ; ಸಕ್ಕರೆಗೂ ಅದೇ ಹೆಸರು. ಆ ಮರದ ಜಾಗವಾದ ಕುಲ್ಸೇತ್ಸಿಯಿ ಇಂದು 'ಕಲ್ಲಸೇಜ' ಎಂಬ ನದಿಯ ಹೆಸರಾಗಿ ಉಳಿದಿದೆ, 'ಯಿ' ಸವೆದುಹೋಗಿದೆ. ಇದಕ್ಕೆ ತಿರುಗುಮುರುಗಾದ ಉದಾಹರಣೆ ಜಾರ್ಜಿಯಾ ರಾಜ್ಯದ ನೀಲ್ ಗ್ಯಾಪ್ ಎಂಬ ಕಣಿವೆದಾರಿಯಲ್ಲಿದೆ. ಅಪಲೇಚಿಯನ್ ಚಾರಣದ ಹಾದಿ ಅಲ್ಲಿ ಒಂದು ಕಲ್ಲಿನ ಕಟ್ಟಡದ ಒಳಗಿನಿಂದಲೇ ಹಾದುಹೋಗುತ್ತದೆ. ಆ ಕಟ್ಟಡದ ಹೆಸರು 'ವಲಾಸಿ-ಯಿ', ಕಪ್ಪೆಯ ಜಾಗ. ಪ್ರತ್ಯಯವನ್ನು ಒಂದು ಅಡ್ಡಗೆರೆ ಹಾಕಿ ಪ್ರಕೃತಿಯಿಂದ ಬಿಡಿಸಿ ಬರೆದಿದ್ದಾರೆ. ಚೆರೋಕಿ ಬಾರದ ಚಾರಣಿಗರು ಆ ನುಡಿಯ ವ್ಯಾಕರಣದ ಒಂದು ತುಣುಕನ್ನು ಹಾಗೆ ದಿನವೂ ಓದಿಕೊಂಡು ಹೋಗುತ್ತಾರೆ.

ಉಪನ್ಯಾಸದ ಕೊನೆಯಲ್ಲಿ ಸಭೆಯಿಂದ ಬಂದ ಒಂದು ಪ್ರಶ್ನೆಗೆ ಇಲ್ಲಿಯೂ ಉತ್ತರ ಕೊಡುವುದು ಉಚಿತ. ಬೆಟ್ಟ ಹೊಳೆಗಳ ಹೆಸರುಗಳೇನೋ ಸರಿ, ಇಂದಿನ ಬದುಕಿನ ಹೊಸ ಜಾಗಗಳಿಗೆ ಈ ಪ್ರತ್ಯಯಗಳು ನೆರವಾಗುತ್ತವೆಯೇ ಎಂದು ಒಬ್ಬರು ಕೇಳಿದರು. ಜಾಗಕ್ಕೆ ಹೆಸರಿಡಲು ಚೆರೋಕಿ ಯಾವಾಗಲೂ 'ಯಿ'ಯನ್ನೇ ನೆಚ್ಚಿಕೊಂಡಿಲ್ಲ. ಶಾಲೆಗೆ ಅಲ್ಲಿ 'ತ್ಸುನದೇಲೋಕ್ವಸ್ದಿ' ಎನ್ನುತ್ತಾರೆ. ಅದರೊಳಗೆ 'ಅವರು' ಇದೆ, ಕಲಿಯುವ ಧಾತು ಇದೆ, ಕ್ರಿಯೆಯನ್ನು ನಾಮವಾಗಿಸುವ 'ಸ್ದಿ' ಇದೆ. ಕರಡಿಗಳ ಹೊಂಡದ ಹೆಸರಿನಲ್ಲಿ ಕಂಡ ಕಟ್ಟಣೆಯೇ ಇದು, 'ಯಿ' ಮಾತ್ರ ಇಲ್ಲ. ಅವರು ಕಲಿಯುವಂಥದ್ದು ಎಂದರೆ ಸಾಕು, ಜಾಗವೆಂಬುದು ತಾನಾಗಿ ತಿಳಿಯುತ್ತದೆ. 2019ರಲ್ಲಿ ಚೆರೋಕಿಯ ಮೂರು ಪಂಗಡಗಳ ಮಂಡಳಿಗಳು ಒಟ್ಟಾಗಿ ಸೇರಿ ತಮ್ಮ ನುಡಿ ತುರ್ತುಸ್ಥಿತಿಯಲ್ಲಿದೆ ಎಂದು ಘೋಷಿಸಿದವು. ಓಕ್ಲಹೋಮಾದ ತಾಲಕ್ವಾ ಪಟ್ಟಣದಲ್ಲಿ ಎಲ್ಲ ಪಾಠಗಳನ್ನೂ ಚೆರೋಕಿಯಲ್ಲೇ ಕಲಿಸುವ ಒಂದು ಶಾಲೆ 2001ರಿಂದ ನಡೆಯುತ್ತಿದೆ. ಅದು ಹೊತ್ತಿರುವುದು ಇದೇ ಹೆಸರನ್ನು, 'ತ್ಸಲಗಿ ತ್ಸುನದೇಲೋಕ್ವಸ್ದಿ'.